ರಿಪೋರ್ಟಿನ ಕೊನೆಯ ಸಾಲು

ಪಾಂಡವಪುರದ ಹತ್ತಿರ ಆಲೆಮನೆ ನಡೆಸುವ ನಮ್ಮ ದೊಡ್ಡಪ್ಪನಿಗೆ ಮೂರು ವರ್ಷದ ಹಿಂದೆ ಬಲಗಾಲಿನ ಮಂಡಿಯ ಮೇಲ್ಭಾಗದಲ್ಲಿ ನೋವು ಕಾಣಿಸಿಕೊಂಡಿತು. ಆಗ ಅವರಿಗೆ ಐವತ್ತೆಂಟು. ಗಾಣದ ಮುಂದೆ ದಿನವಿಡೀ ನಿಂತೇ ಇರುವ ಮನುಷ್ಯ, ಮಂಡಿ ಸವೆದಿರಬೇಕು ಎಂದು ಮನೆಯವರೆಲ್ಲ ಅಂದುಕೊಂಡೆವು. ಅವರು ಹೇಳುತ್ತಿದ್ದುದು ಮಾತ್ರ ಬೇರೆ: "ಹಗಲೊತ್ತು ಅಷ್ಟಾಗಿ ಗೊತ್ತಾಗಕಿಲ್ಲ ಕಣ್ ಮಗ. ಮಲಗಿದ ಮ್ಯಾಲೆ ಮೂಳೆ ಒಳಗಿಂದ ಸೆಳೀತದೆ." ಸವೆದ ಮಂಡಿ ನಡೆದಾಡಿದಾಗ ನೋಯುತ್ತದೆ, ಮಲಗಿದರೆ ಸಾಮಾನ್ಯವಾಗಿ ತಗ್ಗುತ್ತದೆ. ಮಲಗಿದ ಮೇಲೆ ಹೆಚ್ಚುವ ಮೂಳೆ ನೋವಿಗೆ ಬೇರೆ ಕಾರಣ ಹುಡುಕಬೇಕು. ಇದು ನನಗೆ ತಿಳಿದದ್ದು ತಡವಾಗಿ.

ಎಕ್ಸ್‌ರೇ ತೆಗೆಸಿದೆವು, ಏನೂ ಇಲ್ಲ ಎಂದರು. ನಾಟಿ ಎಣ್ಣೆ ತಿಕ್ಕಿದ್ದಾಯಿತು. ಐದಾರು ವಾರ ಕಳೆದು ತೊಡೆ ಒಂದು ಕಡೆ ಊದಿದಂತೆ ಕಂಡಾಗ ಮೈಸೂರಿಗೆ ಕರೆದುಕೊಂಡು ಹೋಗಿ ಎಂಆರ್‌ಐ ಮಾಡಿಸಿದೆವು. ಎರಡು ಪುಟದ ರಿಪೋರ್ಟು. ಅದರ ಕೊನೆಯ ಸಾಲಿನ ತಾತ್ಪರ್ಯ ಇಷ್ಟು: ಇದು ಸೋಂಕಿರಬಹುದು, ಗಡ್ಡೆಯೂ ಇರಬಹುದು, ಬಯಾಪ್ಸಿ (ಆ ಜಾಗದ ಚೂರು ತೆಗೆದು ಪರೀಕ್ಷೆ) ಮಾಡಿ ಖಚಿತಪಡಿಸಿಕೊಳ್ಳುವುದು. ಆ ಕಾಗದ ಹಿಡಿದು ಹೋದ ಕಡೆ 'ಸೋಂಕು' ಎಂಬ ಪದಕ್ಕೆ ತೂಕ ಬಿತ್ತು. ಟಿಬಿ ಮಾತ್ರೆ ಶುರುವಾಯಿತು. ಬಯಾಪ್ಸಿಯ ಮಾತು ಹಾಗೇ ಬಿಟ್ಟುಹೋಯಿತು, ನಾವೂ ಕೇಳಲಿಲ್ಲ. ಮೂರು ತಿಂಗಳು ಮಾತ್ರೆ ನುಂಗಿದರೂ ನೋವು ಏರುತ್ತಲೇ ಹೋದಾಗ ಇನ್ನೊಂದು ಆಸ್ಪತ್ರೆಯಲ್ಲಿ ಚೂರು ತೆಗೆದು ನೋಡಿದರು. ಲಿಂಫೋಮಾ ಎಂಬ ಕ್ಯಾನ್ಸರ್. ಕತ್ತಿನಲ್ಲೋ ಕಂಕುಳಿನಲ್ಲೋ ಗಂಟಾಗಿ ಬರುವ ಲಿಂಫೋಮಾದ ಹೆಸರು ಕೇಳಿದ್ದೆವು. ಇದು ತೊಡೆಮೂಳೆಯೊಳಗೆ ಕೂತಿತ್ತು.

ಅಂದಿನಿಂದ ಈ ವಿಷಯವನ್ನು ಓದುತ್ತ, ವೈದ್ಯರನ್ನು ಕೇಳುತ್ತ ಬಂದಿದ್ದೇನೆ. ನನಗೆ ಮನವರಿಕೆಯಾದದ್ದು ಒಂದೇ. ಮೈಸೂರು ಮಂಡ್ಯದಂಥ ಊರುಗಳಲ್ಲಿ ಈಗ ಸ್ಕ್ಯಾನ್ ಯಂತ್ರಗಳಿಗೆ ಹಿಂದಿನಷ್ಟು ಕೊರತೆಯಿಲ್ಲ. ದುಗ್ಧಗ್ರಂಥಿಯ (ಲಿಂಫ್ ನೋಡ್) ಹೊರಗೆ ಹುಟ್ಟುವ ಲಿಂಫೋಮಾ ಕೈತಪ್ಪಿ ಹೋಗುವುದು ಸ್ಕ್ಯಾನ್ ಆದ ದಿನಕ್ಕೂ ಬಯಾಪ್ಸಿ ಆದ ದಿನಕ್ಕೂ ನಡುವಿನ ಅವಧಿಯಲ್ಲಿ. ಆ ನಡುವೆ ಏನಾಗುತ್ತದೆ, ಯಾವ ಔಷಧ ಒಳಗೆ ಹೋಗುತ್ತದೆ ಎಂಬುದರ ಮೇಲೆ ರೋಗಿಯ ಮುಂದಿನ ಹಾದಿ ನಿಂತಿರುತ್ತದೆ.

ಮೊದಲು ಕಾಯಿಲೆ ಯಾವುದೆಂದು ನೋಡೋಣ. ಲಿಂಫೋಸೈಟ್ ಎಂಬ ಬಿಳಿರಕ್ತಕಣಗಳು ಸೋಂಕಿನ ವಿರುದ್ಧ ನಮ್ಮ ಮೈಯ ಕಾವಲುಗಾರರು. ಅವು ಮಿತಿ ಮೀರಿ ಬೆಳೆದರೆ ಬರುವ ಕ್ಯಾನ್ಸರ್ ಲಿಂಫೋಮಾ. ಈ ಕಣಗಳ ಠಾಣೆಗಳೆಂದರೆ ಮೈತುಂಬ ಹರಡಿರುವ ನೂರಾರು ದುಗ್ಧಗ್ರಂಥಿಗಳು. ಹಾಗಾಗಿ ರೋಗ ಹೆಚ್ಚಾಗಿ ಅಲ್ಲೇ ತಲೆಯೆತ್ತುತ್ತದೆ. ಆದರೆ ಕಾವಲುಗಾರರು ಠಾಣೆಯಲ್ಲೇ ಕೂತಿರುವುದಿಲ್ಲ, ಊರೆಲ್ಲ ಸುತ್ತುತ್ತಾರೆ. ಹಾಡ್ಜ್‌ಕಿನ್ ಅಲ್ಲದ ಲಿಂಫೋಮಾಗಳಲ್ಲಿ (ಈ ರೋಗದ ಎರಡು ಮುಖ್ಯ ಬಗೆಗಳಲ್ಲಿ ಒಂದು) ಕಾಲು ಭಾಗಕ್ಕಿಂತ ಹೆಚ್ಚು ಗ್ರಂಥಿಯ ಹೊರಗೇ, ಹೊಟ್ಟೆ, ಕರುಳು, ಚರ್ಮ, ಮೆದುಳು, ಥೈರಾಯ್ಡ್, ವೃಷಣ, ಮೂಳೆ ಹೀಗೆ ಎಲ್ಲಿ ಬೇಕಾದರೂ ಶುರುವಾಗಬಹುದು. ಹೊಟ್ಟೆ ಮತ್ತು ಕರುಳಿನದು ಇವುಗಳಲ್ಲಿ ಹೆಚ್ಚು. ಮೂಳೆಯದು, ಮೆದುಳಿನದು, ಸ್ತನದ್ದು ತೀರ ಅಪರೂಪ. ಸ್ತನದ ಕ್ಯಾನ್ಸರುಗಳಲ್ಲಿ ಲಿಂಫೋಮಾದ ಪಾಲು ನೂರಕ್ಕೆ ಒಂದೂ ಇಲ್ಲ. ಅಪರೂಪ ಆದದ್ದಕ್ಕೇ ತೊಂದರೆ: ಒಬ್ಬ ವೈದ್ಯರ ಇಡೀ ವೃತ್ತಿಯಲ್ಲಿ ಬೆರಳೆಣಿಕೆಯಷ್ಟು ಸಲ ಎದುರಾಗುವ ಕಾಯಿಲೆ ಮೊದಲ ನೋಟಕ್ಕೆ ಹೊಳೆಯುವುದು ಕಷ್ಟ.

ಮೂಳೆಯ ಕಥೆಗೆ ಬರುತ್ತೇನೆ. ಎಕ್ಸ್‌ರೇ ತೋರಿಸುವುದು ಮೂಳೆಯ ಸುಣ್ಣದಂಶವನ್ನು. ಆ ಖನಿಜ ಶೇ 30ರಿಂದ 50ರಷ್ಟು ಕರಗುವವರೆಗೆ ಮೂಳೆಯೊಳಗಿನ ಟೊಳ್ಳು ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವುದಿಲ್ಲ. ಲಿಂಫೋಮಾದ ಕಣಗಳು ಮಜ್ಜೆಯಲ್ಲಿ ತುಂಬಿಕೊಳ್ಳುತ್ತವೆ, ಮೂಳೆಯನ್ನು ಒಮ್ಮೆಗೇ ಒಡೆಯುವುದಿಲ್ಲ. ಹಾಗಾಗಿ ನೋವಿದ್ದರೂ ಎಕ್ಸ್‌ರೇ 'ಸರಿಯಾಗಿದೆ' ಎನ್ನಬಹುದು. ಕೆಲವೊಮ್ಮೆ ನುಸಿ ತಿಂದ ಬಟ್ಟೆಯಂತೆ ಸಣ್ಣ ಸಣ್ಣ ತೂತು ಕಾಣಬಹುದು, ಅದೂ ಹುಡುಕುವ ಕಣ್ಣಿಗೆ.

ಎಂಆರ್‌ಐ ಕಥೆಯೇ ಬೇರೆ. ಅದು ಮಜ್ಜೆಯ ಕೊಬ್ಬು ಮತ್ತು ನೀರನ್ನು ನೋಡುತ್ತದೆ. ವಯಸ್ಸಾದವರ ತೊಡೆಮೂಳೆಯ ಮಜ್ಜೆಯಲ್ಲಿ ಕೊಬ್ಬು ಹೆಚ್ಚು, ಟಿ1 ಎಂಬ ಚಿತ್ರದಲ್ಲಿ ಅದು ಬೆಳ್ಳಗೆ ಹೊಳೆಯಬೇಕು. ಆ ಬಿಳುಪು ಅಳಿಸಿ ಕಪ್ಪಾಗಿದ್ದರೆ ಅಲ್ಲಿ ಬೇರೆ ಏನೋ ಬಂದು ಕೂತಿದೆ ಎಂದರ್ಥ. ಮೂಳೆಯ ಲಿಂಫೋಮಾಕ್ಕೆ ಇನ್ನೊಂದು ಗುರುತಿದೆ. ಅದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಡೆಯವರಿಗೆ ಕಷ್ಟವಿಲ್ಲ. ವಿ.ಸಿ. ನಾಲೆಯ ಏರಿ ಎಲ್ಲೂ ಒಡೆದಿರುವುದಿಲ್ಲ, ಆದರೂ ಆಚೆಯ ಗದ್ದೆ ಜೌಗು ಹಿಡಿದಿರುತ್ತದೆ. ನೀರು ಮಣ್ಣಿನ ಸಂದಿಯಲ್ಲೇ ಬಸಿದು ಹೋಗಿರುತ್ತದೆ. ಲಿಂಫೋಮಾ ಕೂಡ ಮೂಳೆಯ ಹೊರಗೋಡೆಯ ಸೂಕ್ಷ್ಮ ರಕ್ತನಾಳದ ದಾರಿಗಳಲ್ಲಿ ಬಸಿದು ಹೊರಗೆ ದೊಡ್ಡ ಮಾಂಸದ ಗಡ್ಡೆಯಾಗಿ ಬೆಳೆಯುತ್ತದೆ. ಗೋಡೆ ಬಹುಮಟ್ಟಿಗೆ ನಿಂತೇ ಇರುತ್ತದೆ. ಒಳಗೆ ಕಪ್ಪಾದ ಮಜ್ಜೆ, ಸುತ್ತ ದಪ್ಪ ಗಡ್ಡೆ, ನಡುವೆ ಹೆಚ್ಚು ಕೆಡದ ಗೋಡೆ: ಈ ಮೂರೂ ಒಟ್ಟಿಗೆ ಕಂಡರೆ ಅನುಭವಿ ರೇಡಿಯಾಲಜಿಸ್ಟ್ ಲಿಂಫೋಮಾ ಎಂಬ ಪದವನ್ನು ರಿಪೋರ್ಟಿನಲ್ಲಿ ಬರೆಯದೆ ಬಿಡುವುದಿಲ್ಲ. ಕೀವುಗಟ್ಟುವ ಸೋಂಕಿನಲ್ಲಿ ಸಾಮಾನ್ಯವಾಗಿ ಕೀವಿನ ಕುಳಿ ಕಾಣುತ್ತದೆ. ಮೂಳೆಯ ಟಿಬಿ ಹೆಚ್ಚಾಗಿ ಬೆನ್ನುಮೂಳೆ, ಸೊಂಟದ ಮತ್ತು ಮಂಡಿಯ ಕೀಲುಗಳನ್ನು ಹಿಡಿಯುತ್ತದೆ. ಆದರೆ ಈ ಗುರುತುಗಳೆಲ್ಲ ಒಲವು ಹೇಳುತ್ತವೆ, ತೀರ್ಪು ಹೇಳುವುದಿಲ್ಲ. ಮಕ್ಕಳಲ್ಲಿ ಬರುವ ಈವಿಂಗ್ ಸಾರ್ಕೋಮಾ ಎಂಬ ಮೂಳೆ ಗಡ್ಡೆಯೂ ಹೀಗೇ ಗೋಡೆ ದಾಟುತ್ತದೆ.

ಹಾಗಿದ್ದರೆ ಟಿಬಿ ಮೊದಲು ಮನಸ್ಸಿಗೆ ಬಂದದ್ದು ತಪ್ಪೇ? ತಪ್ಪೆನ್ನಲು ನನಗೆ ಮನಸ್ಸಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲಿದ್ದಾರೆ. ಮೈಸೂರಿಗೆ ಈ ರೋಗದ ನೆನಪು ಆಳವಾಗಿದೆ. ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆಗೆ ಇರುವುದು ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ, ಕ್ಷಯದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರು. ಅರಮನೆಯನ್ನೂ ಬಿಡದ ರೋಗ ಅದು. ಸಂಜೆಯ ಜ್ವರ, ರಾತ್ರಿ ಮೈ ಒದ್ದೆಯಾಗುವಷ್ಟು ಬೆವರು, ತೂಕ ಇಳಿಯುವುದು, ಈ ಮೂರನ್ನು ಹೇಳಿಕೊಂಡು ಬಂದವರಿಗೆ ಟಿಬಿ ಪರೀಕ್ಷೆ ಮಾಡಿಸುವುದು ಸರಿಯೇ. ಆದರೆ ಲಿಂಫೋಮಾದ ತೀವ್ರತೆ ಅಳೆಯಲು ವೈದ್ಯರು ಕೇಳುವ ಮೂರು ಲಕ್ಷಣಗಳೂ ಅವೇ: ಜ್ವರ, ರಾತ್ರಿ ಬೆವರು, ಆರು ತಿಂಗಳಲ್ಲಿ ಶೇ 10ಕ್ಕಿಂತ ಹೆಚ್ಚು ತೂಕ ಇಳಿಕೆ. ಎರಡು ರೋಗಗಳು ಒಂದೇ ಬಾಗಿಲು ತಟ್ಟುತ್ತವೆ. ಮೂಳೆಯ ಲಿಂಫೋಮಾದಲ್ಲಿ ಈ ಲಕ್ಷಣಗಳೂ ಇಲ್ಲದೆ ಬರೀ ನೋವೊಂದೇ ಇರುವುದುಂಟು. ದೊಡ್ಡಪ್ಪ ಊಟ ಸರಿಯಾಗಿಯೇ ಮಾಡುತ್ತಿದ್ದರು, ಜ್ವರ ಒಂದು ದಿನವೂ ಬರಲಿಲ್ಲ.

ತಪ್ಪಿದ್ದು ಪುರಾವೆ ಇಲ್ಲದೆ ಶುರುವಾದ ಮಾತ್ರೆಯಲ್ಲಿ. ಟಿಬಿಗೆ ಈಗ ಗಂಟೆಗಳಲ್ಲಿ ಉತ್ತರ ಕೊಡುವ ಸಿಬಿನ್ಯಾಟ್ ಪರೀಕ್ಷೆಯಿದೆ, ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಅದಕ್ಕೂ ದೇಹದ ಚೂರೋ ಕೀವೋ ಬೇಕು. ಅಂದರೆ ಟಿಬಿ ಎನ್ನಲಿಕ್ಕೂ ಬಯಾಪ್ಸಿ, ಲಿಂಫೋಮಾ ಎನ್ನಲಿಕ್ಕೂ ಬಯಾಪ್ಸಿ. ಇಷ್ಟು ಗೊತ್ತಿದ್ದಿದ್ದರೆ ಅಂದೇ ಕೇಳುತ್ತಿದ್ದೆ.

ಮೆದುಳಿನಲ್ಲಿ ಈ ನಡುವಿನ ದಿನಗಳು ಇನ್ನೂ ನಾಜೂಕು. ಅಲ್ಲಿ ಅಡ್ಡ ಬರುವುದು ಸ್ಟಿರಾಯ್ಡ್. ವಯಸ್ಸಾದವರು ಇದ್ದಕ್ಕಿದ್ದಂತೆ ಮಾತು ತಡವರಿಸುತ್ತಾರೆ, ಮರೆಯುತ್ತಾರೆ, ಸ್ವಭಾವ ಬದಲಾಗುತ್ತದೆ, ಒಂದು ಕೈ ಸೋಲುತ್ತದೆ. ಸಿಟಿ ಸ್ಕ್ಯಾನಿನಲ್ಲಿ ಗಡ್ಡೆ ಸುತ್ತಲಿನ ಮೆದುಳಿಗಿಂತ ಬೆಳ್ಳಗೆ ಕಾಣುತ್ತದೆ, ಕಣಗಳು ಅಷ್ಟು ಒತ್ತಾಗಿ ತುಂಬಿರುತ್ತವೆ. ಎಂಆರ್‌ಐನ ಡಿಫ್ಯೂಷನ್ ಚಿತ್ರ ಅಳೆಯುವುದು ನೀರಿನ ಅಣುಗಳು ಎಷ್ಟು ಸಲೀಸಾಗಿ ಓಡಾಡುತ್ತವೆ ಎಂಬುದನ್ನು. ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತವರಿಗೆ ಕೈ ಎತ್ತಲೂ ಜಾಗವಿರುವುದಿಲ್ಲವಲ್ಲ, ಲಿಂಫೋಮಾದೊಳಗಿನ ನೀರಿನ ಪಾಡೂ ಅದೇ. ಹಾಗಾಗಿ ಆ ಜಾಗ ಚಿತ್ರದಲ್ಲಿ ಎದ್ದು ಹೊಳೆಯುತ್ತದೆ. ರೋಗನಿರೋಧಕ ಶಕ್ತಿ ಚೆನ್ನಾಗಿರುವವರಲ್ಲಿ ಕಾಂಟ್ರಾಸ್ಟ್ ಎಂಬ, ಚಿತ್ರದಲ್ಲಿ ಎದ್ದು ಕಾಣುವ ಔಷಧ ಕೊಟ್ಟರೆ ಇಡೀ ಗಡ್ಡೆ ಒಂದೇ ಸಮನಾಗಿ ಬೆಳಗುತ್ತದೆ. ಎಚ್‌ಐವಿ ಇರುವವರಲ್ಲಿ ಉಂಗುರದಂತೆ ಅಂಚು ಮಾತ್ರ ಬೆಳಗಬಹುದು, ಆಗ ಟಾಕ್ಸೋಪ್ಲಾಸ್ಮಾ ಸೋಂಕಿನಿಂದ ಬೇರ್ಪಡಿಸುವುದು ಕಷ್ಟ. ಮೆದುಳಿನ ಒಳಕೊಳಗಳ ಸುತ್ತ, ಎರಡು ಅರ್ಧಗಳನ್ನು ಸೇರಿಸುವ ನರಸೇತುವೆಯ ಮೇಲೆ ಚಿಟ್ಟೆಯ ರೆಕ್ಕೆಯಂತೆ ಹರಡಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಗ್ಲಯೋಬ್ಲಾಸ್ಟೋಮಾ ಎಂಬ ಇನ್ನೊಂದು ಗಡ್ಡೆಯೂ ಚಿಟ್ಟೆಯಂತೆ ಹರಡುತ್ತದೆ. ಅದರ ನಡುಭಾಗ ಹೆಚ್ಚಾಗಿ ಸತ್ತು ಟೊಳ್ಳಾಗಿರುತ್ತದೆ, ರಕ್ತದ ಹರಿವೂ ಹೆಚ್ಚಿರುತ್ತದೆ.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತಿದೆ. ಮೆದುಳು ಊದಿದೆ ಎಂದು ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಚುಚ್ಚುವುದು ವಾಡಿಕೆ, ಎಷ್ಟೋ ಸಂದರ್ಭದಲ್ಲಿ ಅದು ಜೀವ ಉಳಿಸುತ್ತದೆ. ಲಿಂಫೋಮಾದ ಕಣಗಳನ್ನು ಸ್ಟಿರಾಯ್ಡ್ ನೇರವಾಗಿ ಕೊಲ್ಲುತ್ತದೆ. ಕೆಲವೇ ದಿನಗಳಲ್ಲಿ ಗಡ್ಡೆ ಕುಗ್ಗಬಹುದು, ಚಿತ್ರದಿಂದ ಮಾಯವೂ ಆಗಬಹುದು. ರೋಗಿ ಎದ್ದು ಕೂರುತ್ತಾರೆ, ಮನೆಯವರು ದೇವರಿಗೆ ಕೈಮುಗಿಯುತ್ತಾರೆ. ಆಮೇಲೆ ಚೂರು ತೆಗೆದರೆ ಅದನ್ನು ಪರೀಕ್ಷಿಸುವ ಪೆಥಾಲಜಿಸ್ಟಿಗೆ ಸಿಗುವುದು ಸತ್ತ ಕಣಗಳ ಅವಶೇಷ. ವಾರಗಳೋ ತಿಂಗಳುಗಳೋ ಕಳೆದು ಗಡ್ಡೆ ಮರಳುತ್ತದೆ, ಕಾಯಿಲೆಗೆ ಹೆಸರು ಮಾತ್ರ ಸಿಕ್ಕಿರುವುದಿಲ್ಲ. ಅದಕ್ಕೇ ಚಿತ್ರದಲ್ಲಿ ಲಿಂಫೋಮಾದ ಸುಳಿವಿದ್ದರೆ, ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದರೆ, ಬಯಾಪ್ಸಿ ಆಗುವವರೆಗೆ ಸ್ಟಿರಾಯ್ಡ್ ತಡೆಯುವುದು ವೈದ್ಯಲೋಕ ಒಪ್ಪಿರುವ ಕ್ರಮ. ಮೆದುಳಿನ ಬಯಾಪ್ಸಿಗಾಗಿ ರೋಗಿಯನ್ನು ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆಗೆ ಕಳಿಸುವುದಾದರೆ, ಆ ಪ್ರಯಾಣಕ್ಕೆ ಮುಂಚೆ ಯಾವ ಇಂಜೆಕ್ಷನ್ ಕೊಟ್ಟಿದ್ದಾರೆ, ಎಷ್ಟು ದಿನ ಕೊಟ್ಟಿದ್ದಾರೆ ಎಂಬುದು ರೆಫರಲ್ ಚೀಟಿಯಲ್ಲಿ ಇರಲೇಬೇಕು. ಇದನ್ನು ಕೇಳಿ ಬರೆಸಿಕೊಳ್ಳುವ ಹಕ್ಕು ಮನೆಯವರಿಗೂ ಇದೆ.

ಕರುಳಿನಲ್ಲಿ ಮತ್ತೆ ಟಿಬಿಯೇ ಜೋಡಿ. ಸಣ್ಣಕರುಳು ದೊಡ್ಡಕರುಳನ್ನು ಸೇರುವ ಬಲಗಡೆಯ ಮೂಲೆ ಎರಡಕ್ಕೂ ಇಷ್ಟದ ಜಾಗ. ಸಿಟಿ ಇಲ್ಲಿ ಒಂದು ಒಳ್ಳೆಯ ಸುಳಿವು ಕೊಡುತ್ತದೆ. ಟಿಬಿ ಕರುಳನ್ನು ಸುಕ್ಕುಗಟ್ಟಿಸಿ ಇಕ್ಕಟ್ಟು ಮಾಡುತ್ತದೆ, ಆಹಾರ ಮುಂದೆ ಹೋಗದೆ ಹೊಟ್ಟೆ ಉಬ್ಬರಿಸುತ್ತದೆ. ಲಿಂಫೋಮಾ ಗೋಡೆಯನ್ನು ದಪ್ಪ ಮಾಡಿದರೂ ಅಲ್ಲಿನ ನರ ಮತ್ತು ಸ್ನಾಯುಗಳನ್ನು ನುಂಗಿಹಾಕುವುದರಿಂದ ಕರುಳು ಬಿಗಿಯಲಾರದೆ ಅಗಲವಾಗಿಬಿಡುತ್ತದೆ. ಗೋಡೆ ಅಷ್ಟು ದಪ್ಪ, ಆದರೂ ಅಡಚಣೆ ಇಲ್ಲ. ಈ ವಿರೋಧಾಭಾಸವೇ ಅದರ ಗುರುತು.

ಉಳಿದ ಅಂಗಗಳದ್ದನ್ನು ಬೇಗ ಹೇಳಿಬಿಡುತ್ತೇನೆ. ವರ್ಷಾನುಗಟ್ಟಲೆ ಹಾಶಿಮೊಟೊ ಥೈರಾಯ್ಡ್ ತೊಂದರೆ ಇದ್ದ ವಯಸ್ಸಾದ ಹೆಂಗಸಿಗೆ ಕೆಲವೇ ವಾರಗಳಲ್ಲಿ ಕತ್ತು ದಪ್ಪವಾದರೆ ಅಲ್ಟ್ರಾಸೌಂಡ್ ತಡಮಾಡಬಾರದು. ಅರವತ್ತು ದಾಟಿದ ಗಂಡಸಿನ ವೃಷಣದಲ್ಲಿ ನೋವಿಲ್ಲದ ಗಡ್ಡೆ ಕಂಡರೆ ಮೊದಲು ನೆನೆಯಬೇಕಾದದ್ದು ಲಿಂಫೋಮಾ. ನಾಚಿಕೆಯಿಂದ ನಮ್ಮ ಹಿರಿಯರು ಅದನ್ನು ಮಕ್ಕಳಿಗೂ ಹೇಳುವುದಿಲ್ಲ. ಸ್ತನದಲ್ಲಿ ಮತ್ತು ಕಿಡ್ನಿಯಲ್ಲಿ ಬಯಾಪ್ಸಿಯ ಬೆಲೆ ದೊಡ್ಡದು: ಲಿಂಫೋಮಾ ಎಂದು ಮೊದಲೇ ಗೊತ್ತಾದರೆ ಆ ಅಂಗವನ್ನು ಸಾಮಾನ್ಯವಾಗಿ ಕತ್ತರಿಸಿ ತೆಗೆಯಬೇಕಾಗುವುದಿಲ್ಲ. ಇದಕ್ಕೆ ಮುಖ್ಯ ಚಿಕಿತ್ಸೆ ಕೀಮೋ.

ಇನ್ನು ಪೆಟ್-ಸಿಟಿ. 'ಪೆಟ್ ಮಾಡಿಸಿದರೆ ಎಲ್ಲಾ ಗೊತ್ತಾಗುತ್ತೆ' ಎಂಬ ಮಾತು ಆಸ್ಪತ್ರೆಯ ಬೆಂಚುಗಳಲ್ಲಿ ಬಹಳ ಕೇಳಿದ್ದೇನೆ. ಪೆಟ್ ಕೆಲಸ ಮಾಡುವುದು ಸಕ್ಕರೆಯ ಮೇಲೆ. ಗ್ಲೂಕೋಸಿನಂಥ ಅಣುವಿಗೆ ಫ್ಲೋರಿನ್-18 ಎಂಬ ವಿಕಿರಣ ಗುರುತು ಅಂಟಿಸಿ ರಕ್ತನಾಳಕ್ಕೆ ಬಿಡುತ್ತಾರೆ. ಹಸಿದ ಕಣಗಳು ಅದನ್ನು ಹೆಚ್ಚು ಎಳೆದುಕೊಂಡು ಚಿತ್ರದಲ್ಲಿ ಉರಿಯುತ್ತವೆ. ಆ ಗುರುತಿನ ಅರ್ಧಾಯುಷ್ಯ ಸುಮಾರು 110 ನಿಮಿಷ. ಎರಡು ಗಂಟೆ ದೂರದ ಊರಿನಿಂದ ತಂದರೆ ದಾರಿಯಲ್ಲೇ ಅರ್ಧಕ್ಕಿಂತ ಹೆಚ್ಚು ಕರಗಿರುತ್ತದೆ. ಅದಕ್ಕೇ ಪೆಟ್ ಸಮಯಕ್ಕೆ ಸರಿಯಾಗಿ ಹಾಜರಿರಬೇಕು ಎಂದು ಸಿಬ್ಬಂದಿ ಅಷ್ಟು ಒತ್ತಾಯ ಮಾಡುವುದು. ಹಿಂದಿನ ನಾಲ್ಕಾರು ಗಂಟೆ ನೀರು ಬಿಟ್ಟು ಬೇರೇನೂ ಸೇವಿಸಬಾರದು, ಸಕ್ಕರೆ ಕಾಯಿಲೆಯವರು ಮಾತ್ರೆ ಮತ್ತು ಇನ್ಸುಲಿನ್ ವಿಚಾರ ಮೊದಲೇ ಹೇಳಬೇಕು.

ಲಿಂಫೋಮಾದಲ್ಲಿ ಪೆಟ್‌ನ ನಿಜವಾದ ಬಲ ರೋಗ ಎಲ್ಲೆಲ್ಲಿದೆ ಎಂದು ತೋರಿಸುವುದರಲ್ಲಿದೆ. ತೊಡೆಮೂಳೆಯಲ್ಲಿ ಸಿಕ್ಕ ರೋಗ ಅಲ್ಲೇ ಹುಟ್ಟಿದ್ದೋ, ಹೊಟ್ಟೆಯೊಳಗಿನ ಗ್ರಂಥಿಯಿಂದ ಬಂದದ್ದೋ ಎಂದು ತಿಳಿಯಲು ಇಡೀ ಮೈ ನೋಡಲೇಬೇಕು. 2014ರ ಲುಗಾನೊ ಎಂಬ ಅಂತರರಾಷ್ಟ್ರೀಯ ಮಾನದಂಡದ ನಂತರ ಹಂತ ನಿರ್ಧರಿಸಲೂ, ಚಿಕಿತ್ಸೆ ಫಲಿಸಿತೇ ಎಂದು ಐದು ಅಂಕಗಳ ಡೋವಿಲ್ ಮಾಪಕದಲ್ಲಿ ಅಳೆಯಲೂ ಪೆಟ್ ಆಧಾರವಾಗಿದೆ. ಆದರೆ ಟಿಬಿಯೂ ಪೆಟ್‌ನಲ್ಲಿ ಅಷ್ಟೇ ಪ್ರಖರವಾಗಿ ಉರಿಯುತ್ತದೆ, ಸೋಂಕಿನ ವಿರುದ್ಧ ಹೋರಾಡುವ ಕಣಗಳಿಗೂ ಸಕ್ಕರೆ ಬೇಕಲ್ಲ. ಮೆದುಳು ಸಹಜವಾಗಿಯೇ ಸಕ್ಕರೆ ಎಳೆಯುವುದರಿಂದ ಅಲ್ಲಿನ ಗಡ್ಡೆ ಹಿನ್ನೆಲೆಯಲ್ಲಿ ಬೆರೆತುಹೋಗಬಹುದು. ನಿಧಾನವಾಗಿ ಬೆಳೆಯುವ ಮಾಲ್ಟ್ ಎಂಬ ಬಗೆಯ ಲಿಂಫೋಮಾ ಎಷ್ಟೋ ಸಲ ಪೆಟ್‌ನಲ್ಲಿ ಹೊಳೆಯುವುದೇ ಇಲ್ಲ. ಹೊಟ್ಟೆಯ ಮಾಲ್ಟ್ ಲಿಂಫೋಮಾ ಸಿಕ್ಕಿಬೀಳುವುದು ಎಂಡೋಸ್ಕೋಪಿಯಲ್ಲಿ. ಅದರ ಹಿಂದೆ ಹೆಚ್ಚಾಗಿ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಇರುತ್ತದೆ, ಅದನ್ನು ಕಂಡುಹಿಡಿದ ಮಾರ್ಷಲ್ ಮತ್ತು ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಶುರುವಿನ ಹಂತದಲ್ಲಿ ಆ ಬ್ಯಾಕ್ಟೀರಿಯಾಕ್ಕೆ ಆಂಟಿಬಯಾಟಿಕ್ ಕೊಟ್ಟರೆ ಬಹಳಷ್ಟು ಜನರಲ್ಲಿ ಲಿಂಫೋಮಾವೇ ಕರಗಿಹೋಗುತ್ತದೆ. ಕ್ಯಾನ್ಸರಿಗೆ ಎರಡು ವಾರದ ಮಾತ್ರೆ! ಇದನ್ನು ಮೊದಲು ಓದಿದ ದಿನ ನಾನು ಎರಡು ಸಲ ಓದಿದೆ.

ಕೊನೆಗೆ ಎಲ್ಲವೂ ಆ ಚೂರಿನ ಬಳಿಗೇ ಬರುತ್ತದೆ. ಚೂರು ತೆಗೆಯುವುದರಲ್ಲೂ ಜಾಣತನವಿದೆ. ಸಣ್ಣ ಸೂಜಿಯಲ್ಲಿ ಕಣ ಎಳೆಯುವ ಎಫ್‌ಎನ್‌ಎಸಿ ಲಿಂಫೋಮಾಕ್ಕೆ ಸಾಮಾನ್ಯವಾಗಿ ಸಾಲದು. ಕಣಗಳ ಜೋಡಣೆ ಕಾಣಬೇಕು, ಆಮೇಲೆ ಕಣದ ಬಗೆ ಹೇಳುವ ಸಿಡಿ20, ಸಿಡಿ3 ಮುಂತಾದ ಪ್ರೋಟೀನ್ ಗುರುತುಗಳಿಗೆ ಬಣ್ಣ ಹಾಕಿ ನೋಡಬೇಕು, ಅಷ್ಟಕ್ಕೆ ದಪ್ಪ ಸೂಜಿಯ ಚೂರು ಬೇಕು. ಎಲ್ಲಿಂದ ತೆಗೆಯಬೇಕೆಂದು ಹೇಳುವುದು ಮತ್ತೆ ಸ್ಕ್ಯಾನೇ. ಗಟ್ಟಿ ಮೂಳೆಯಿಂದ ತೆಗೆದರೆ ಕಣಗಳು ಜಜ್ಜಿಹೋಗುತ್ತವೆ, ಸುಣ್ಣ ಕರಗಿಸಲು ಆಸಿಡ್ಡಿನಲ್ಲಿಟ್ಟರೆ ಇನ್ನಷ್ಟು ಕೆಡುತ್ತವೆ, ಮೂಳೆ ಮುರಿಯುವ ಅಪಾಯವೂ ಇದೆ. ಹೊರಗಿನ ಮಾಂಸದ ಭಾಗದಲ್ಲಿ, ಜೀವಂತ ಕಣಗಳಿರುವ ಕಡೆ, ಅಲ್ಟ್ರಾಸೌಂಡ್ ಅಥವಾ ಸಿಟಿ ನೋಡುತ್ತ ಸೂಜಿ ಹಾಕಿದರೆ ಕೆಲಸ ಸುಲಭ.

ದೊಡ್ಡಪ್ಪನ ಬಯಾಪ್ಸಿಯ ದಿನ ಸಿಸ್ಟರ್ ಎರಡು ಬಾಟಲಿ ಹಿಡಿದು ನಿಂತಿದ್ದರು. ಯಾಕೆಂದು ಕೇಳಿದೆ. ಒಂದರಲ್ಲಿ ಫಾರ್ಮಲಿನ್, ಇನ್ನೊಂದರಲ್ಲಿ ಬರೀ ಸಲೈನ್. ಫಾರ್ಮಲಿನ್ನಿನದು ಪೆಥಾಲಜಿಗೆ, ಸಲೈನಿನದು ಟಿಬಿ ಪರೀಕ್ಷೆ ಮತ್ತು ಕಲ್ಚರಿಗೆ. ಫಾರ್ಮಲಿನ್ ಬ್ಯಾಕ್ಟೀರಿಯಾವನ್ನು ಕೊಂದುಬಿಡುತ್ತದೆ, ಇಡೀ ಚೂರನ್ನು ಅದರಲ್ಲೇ ಹಾಕಿದರೆ ಟಿಬಿ ಬೆಳೆಸಿ ನೋಡುವ ದಾರಿ ಮುಚ್ಚಿಹೋಗುತ್ತದೆ. ಒಂದೇ ಸೂಜಿಯ ನೋವಿನಲ್ಲಿ ಎರಡೂ ಪ್ರಶ್ನೆಗೆ ಉತ್ತರ. ಇಷ್ಟು ಸಣ್ಣ ಎಚ್ಚರ ಎಷ್ಟು ತಿಂಗಳು ಉಳಿಸಬಲ್ಲದು ಎಂದು ಅಲ್ಲೇ ನಿಂತು ಯೋಚಿಸಿದೆ. ಒಂದು ವಿಷಯ ಸೇರಿಸಬೇಕು: ಲಿಂಫೋಮಾದ ಸುತ್ತಲೂ ಟಿಬಿಯಲ್ಲಿ ಕಾಣುವಂಥ ಗ್ರ್ಯಾನ್ಯುಲೋಮಾ (ಉರಿಯೂತದ ಕಣಗಳ ಸಣ್ಣ ಗಂಟು) ಇರುವುದುಂಟು. ರಿಪೋರ್ಟಿನಲ್ಲಿ ಆ ಪದ ಬಂದ ಮಾತ್ರಕ್ಕೆ ಟಿಬಿ ಖಚಿತವಾಗಲಿಲ್ಲ. ಮಾತ್ರೆ ಶುರುಮಾಡಿ ಎರಡು ತಿಂಗಳಾದರೂ ರೋಗಿ ಸುಧಾರಿಸದಿದ್ದರೆ ಮತ್ತೆ ಚೂರು ತೆಗೆಸುವ ಧೈರ್ಯ ಮಾಡಬೇಕು.

ಚೂರನ್ನು ಮೇಣದ ಅಚ್ಚಿನಲ್ಲಿ ಹಾಕಿಟ್ಟಿರುತ್ತಾರೆ, ಅದಕ್ಕೆ ಬ್ಲಾಕ್ ಎನ್ನುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಾಗಲಿ ಮಂಡ್ಯದ ಮಿಮ್ಸ್‌ನಲ್ಲಾಗಲಿ ತೆಗೆದ ಚೂರಿನ ಬಗ್ಗೆ ಇನ್ನೊಂದು ಅಭಿಪ್ರಾಯ ಬೇಕಾದರೆ ರೋಗಿಯನ್ನೇ ಬೆಂಗಳೂರಿಗೆ ಹೊತ್ತೊಯ್ಯಬೇಕಿಲ್ಲ, ಬ್ಲಾಕ್ ಮತ್ತು ಸ್ಲೈಡ್ ಕೇಳಿ ಪಡೆದು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆಗೆ ಒಯ್ಯಬಹುದು. ಎಷ್ಟೋ ಮನೆಯವರಿಗೆ ಇದು ಗೊತ್ತಿಲ್ಲದೆ ಎರಡನೇ ಸಲ ಸೂಜಿ ಹಾಕಿಸಿಕೊಳ್ಳುತ್ತಾರೆ.

ನನ್ನ ಮಟ್ಟಿಗೆ ತುರ್ತಾಗಿ ಬದಲಾಗಬೇಕಾದದ್ದು ಸ್ಕ್ಯಾನಿಗೆ ಬರೆದುಕೊಡುವ ಚೀಟಿ. ದೊಡ್ಡಪ್ಪನ ಎಂಆರ್‌ಐ ಚೀಟಿಯಲ್ಲಿ ಇದ್ದದ್ದು ಮೂರೇ ಪದ, ಬಲ ಮಂಡಿ ನೋವು. ರಾತ್ರಿ ಹೆಚ್ಚುತ್ತದೆ, ಆರು ವಾರದಿಂದ ಇದೆ, ಜ್ವರ ಇಲ್ಲ, ಪೆಟ್ಟು ಬಿದ್ದಿಲ್ಲ ಎಂಬುದೇನೂ ಇರಲಿಲ್ಲ. ಕತ್ತಲೆ ಕೋಣೆಯಲ್ಲಿ ಕೂತು ಚಿತ್ರ ನೋಡುವ ರೇಡಿಯಾಲಜಿಸ್ಟ್ ರೋಗಿಯ ಮುಖ ನೋಡಿರುವುದೇ ಇಲ್ಲ. ಮೂರು ಪದ ಕೊಟ್ಟರೆ ಅವರು ಎರಡೂ ಸಾಧ್ಯತೆ ಬರೆಯುತ್ತಾರೆ, ನಾಲ್ಕು ಸಾಲು ಕೊಟ್ಟರೆ ಯಾವ ಕಡೆ ವಾಲುತ್ತದೆ ಎಂದು ಬರೆಯಬಲ್ಲರು. ಆ ವಾಲುವಿಕೆಯೇ ಮುಂದಿನ ವೈದ್ಯರ ಕೈಯನ್ನು ಬಯಾಪ್ಸಿಯ ಕಡೆಗೆ ಒಯ್ಯುತ್ತದೆ.

ಮೊದಲ ಎಕ್ಸ್‌ರೇಯನ್ನು ಆಮೇಲೆ ಒಬ್ಬ ಹಿರಿಯ ರೇಡಿಯಾಲಜಿಸ್ಟ್ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತೊಡೆಮೂಳೆಯ ಕೆಳತುದಿಯಲ್ಲಿ ಪೆನ್ನಿನ ತುದಿ ಇಟ್ಟು, "ಇಲ್ಲಿ ನೋಡಿ ಯಜಮಾನ್ರೇ, ಸ್ವಲ್ಪ ಮಸುಕು ಇದೆ. ಈಗ ಗೊತ್ತಿರೋದ್ರಿಂದ ನನಗೆ ಕಾಣ್ತಿದೆ. ಆವತ್ತು ನಾನೇ ನೋಡಿದ್ದರೂ ಬಿಡ್ತಿದ್ದೆನೋ ಏನೋ" ಎಂದರು. ಅಷ್ಟು ಪ್ರಾಮಾಣಿಕವಾಗಿ ಮಾತಾಡಿದ ವೈದ್ಯರನ್ನು ನಾನು ಮರೆಯಲಾರೆ.

ಆರು ಸುತ್ತಿನ ಕೀಮೋ, ಆಮೇಲೆ ರೇಡಿಯೇಷನ್ ಆಯಿತು. ಮೂಳೆಯ ಬೇರೆ ಎಷ್ಟೋ ಕ್ಯಾನ್ಸರುಗಳಿಗಿಂತ ಇದು ಚಿಕಿತ್ಸೆಗೆ ಚೆನ್ನಾಗಿ ಮಣಿಯುತ್ತದೆ. ಕೊನೆಯ ಪೆಟ್‌ನಲ್ಲಿ ತೊಡೆ ತಣ್ಣಗಿತ್ತು. ಎಂಆರ್‌ಐನಲ್ಲಿ ಮಾತ್ರ ಮಜ್ಜೆ ಇನ್ನೂ ಮಚ್ಚೆಮಚ್ಚೆ. ರೋಗ ಹೋದ ಮೇಲೂ ಮೂಳೆ ಮಾಯಲು ಬಹಳ ತಿಂಗಳು ಬೇಕು, ಆ ಕಲೆ ನೋಡಿ ಹೆದರಬೇಕಿಲ್ಲ, ಹಳೆಯ ಚಿತ್ರ ಪಕ್ಕದಲ್ಲಿಟ್ಟು ಹೋಲಿಸಿದರೆ ಸಾಕು ಎಂದು ಹೇಳಿದರು. ಈ ಸಲದ ರಿಪೋರ್ಟಿನ ಕೊನೆಯ ಸಾಲೂ ಅದೇ ಆಗಿತ್ತು: ಹಿಂದಿನ ಚಿತ್ರಗಳೊಂದಿಗೆ ತಾಳೆ ನೋಡುವುದು. ಅಂದಿನಿಂದ ದೊಡ್ಡಪ್ಪ ತಪಾಸಣೆಗೆ ಹೊರಟಾಗಲೆಲ್ಲ ಮೊದಲ ಎಕ್ಸ್‌ರೇಯಿಂದ ಹಿಡಿದು ಎಲ್ಲ ಫಿಲ್ಮು, ಸಿ.ಡಿ.ಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಬಟ್ಟೆಚೀಲಕ್ಕೆ ಹಾಕಿಕೊಳ್ಳುತ್ತಾರೆ. ಬಸ್ಸಿನಲ್ಲಿ ಅದನ್ನು ಕಾಲಡಿ ಇಡುವುದಿಲ್ಲ, ತೊಡೆಯ ಮೇಲೇ ಇಟ್ಟುಕೊಂಡು ಕೂರುತ್ತಾರೆ.